ಕೃಷ್ಣೆಯ ಬಾಗಿಲಿಗೆ ಬಡಿದ ದೋಣಿಗಳು

ವಿಜಯವಾಡದ ಪ್ರಕಾಶಂ ಬ್ಯಾರೇಜ್ ಅರ್ಧ ಅಣೆಕಟ್ಟು, ಅರ್ಧ ಸೇತುವೆ. ಕೆಳಗೆ ಕೃಷ್ಣಾ ನದಿಯನ್ನು ತಡೆದು ಕಾಲುವೆಗಳಿಗೆ ತಿರುಗಿಸುವ 70 ಗೇಟುಗಳು. ಮೇಲೆ ಇಂದ್ರಕೀಲಾದ್ರಿ ಬೆಟ್ಟದ ಬುಡದಿಂದ ಆಚೆ ದಡದ ಸೀತಾನಗರಕ್ಕೆ ಹೋಗುವ ರಸ್ತೆ. 2024ರ ಸೆಪ್ಟೆಂಬರ್ ಆರಂಭದ ಮಹಾಪೂರದಲ್ಲಿ, ನದಿಯ ಮೇಲ್ಭಾಗದಲ್ಲಿ ಕಟ್ಟಿದ್ದ ಕಬ್ಬಿಣದ ಮರಳು ದೋಣಿಗಳು ಕಳಚಿಕೊಂಡು ತೇಲಿಬಂದು ಈ ಕಟ್ಟಡಕ್ಕೆ ಬಡಿದವು. ಕೆಲವು ಗೇಟುಗಳ ಬಾಯಿಗೇ ಸಿಕ್ಕಿಕೊಂಡವು. ರಸ್ತೆಯನ್ನು ಮುಚ್ಚಬೇಕಾಯಿತು. ಪೂರ ಇಳಿದ ಮೇಲೆ ಗೇಟುಗಳನ್ನು ಮುಚ್ಚುವುದು ಹೇಗೆಂಬ ಚಿಂತೆ ಹತ್ತಿತು. ಹಡಗೋ ದೋಣಿಯೋ ಬಡಿದು ಸೇತುವೆ ಕುಸಿದ ಪ್ರಸಂಗಗಳು ಜಗತ್ತಿನಲ್ಲಿ ಹಲವು ಇವೆ. ಮೇಲಿನ ದಾರಿಯನ್ನು ಮುಚ್ಚಿಸಿ, ಕೆಳಗಿನ ಬಾಗಿಲನ್ನು ಮುಚ್ಚಲು ಬಿಡದ ಡಿಕ್ಕಿ ಅಪರೂಪ.

ಈ ಜಾಗದಲ್ಲಿ ನದಿಗೆ ಅಡ್ಡವಾಗಿ ಮೊದಲು ಎದ್ದದ್ದು ಬ್ಯಾರೇಜ್ ಅಲ್ಲ, ಕಲ್ಲಿನ ಒಡ್ಡು. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಗುಂಟೂರು ಸೀಮೆಯನ್ನು ತಿಂದುಹಾಕಿದ ಬರದ ನೆನಪು ಆರುವ ಮೊದಲೇ, ಗೋದಾವರಿಯ ಒಡ್ಡಿನಿಂದ ಹೆಸರಾಗಿದ್ದ ಆರ್ಥರ್ ಕಾಟನ್‌ನ ಯೋಜನೆಯ ಜಾಡಿನಲ್ಲಿ ಕ್ಯಾಪ್ಟನ್ ಚಾರ್ಲ್ಸ್ ಓರ್ 1852ರಲ್ಲಿ ಕೆಲಸ ಆರಂಭಿಸಿ 1855ರಲ್ಲಿ ಮುಗಿಸಿದ. ತೆಲುಗಿನವರು ಅದನ್ನು ಆನಕಟ್ಟ ಎಂದರು. ಕನ್ನಡದ ಅಣೆಕಟ್ಟು, ತಮಿಳಿನ ಅಣೈಕಟ್ಟು, ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡ ಆನಿಕಟ್ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಆ ಒಡ್ಡಿನ ಮೇಲೆ ನೀರು ಹಾರಿ ಹೋಗುತ್ತಿತ್ತು; ವಾಹನ ಓಡಾಡುತ್ತಿರಲಿಲ್ಲ. 1952ರಲ್ಲಿ ಒಡ್ಡು ಒಡೆಯಿತು. ಅದರ ಬದಲಿಗೆ 1954ರಿಂದ 1957ರವರೆಗೆ ಕಟ್ಟಿದ್ದೇ ಈಗಿನ ಬ್ಯಾರೇಜ್. ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಪಂತುಲು ಅವರ ಹೆಸರು ಅದಕ್ಕೆ ಬಂತು.

ಉದ್ದ ಸುಮಾರು 1,223 ಮೀಟರ್. ಪ್ರತಿಯೊಂದು ಗೇಟು 40 ಅಡಿ ಅಗಲ, 12 ಅಡಿ ಎತ್ತರ. ಪೂರ್ಣಮಟ್ಟದಲ್ಲಿ ಇದರ ಹಿಂದೆ ನಿಲ್ಲುವ ನೀರು 3.07 ಟಿಎಂಸಿ ಮಾತ್ರ. ತುಂಗಭದ್ರಾ ಜಲಾಶಯದ ನೂರೈದು ಟಿಎಂಸಿಯ ಮುಂದೆ ಇದು ಒಂದು ಕೊಳಗ. ಆದರೂ ಕೃಷ್ಣಾ ಮುಖಜಭೂಮಿಯ ಸುಮಾರು 13 ಲಕ್ಷ ಎಕರೆಗೆ ನೀರು ಹೋಗುವುದು ಈ ಕೊಳಗದ ಮಟ್ಟದಿಂದಲೇ. ಮಟ್ಟ ನಿಂತರೆ ಕಾಲುವೆ ಹರಿಯುತ್ತದೆ. ಮಟ್ಟ ಬಿದ್ದರೆ ಕಾಲುವೆಯ ತಲೆಯೇ ಒಣಗುತ್ತದೆ. ಎಡದಂಡೆಯಿಂದ ಹೊರಡುವ ಏಲೂರು, ರೈವ್ಸ್ ಮತ್ತು ಬಂದರು ಕಾಲುವೆಗಳು ವಿಜಯವಾಡ ನಗರದ ನಡುವೆಯೇ ಹಾದುಹೋಗುತ್ತವೆ. ಹಾಗಾಗಿ ಈ ಊರಿನವರಿಗೆ ಬ್ಯಾರೇಜಿನ ಸ್ಥಿತಿ ಪತ್ರಿಕೆ ಓದಿ ತಿಳಿಯಬೇಕಾದ ಸಂಗತಿಯಲ್ಲ. ಮನೆ ಪಕ್ಕದ ಕಾಲುವೆಯ ನೀರು ನೋಡಿದರೆ ಗೊತ್ತಾಗುತ್ತದೆ.

ರಸ್ತೆಯಾಗಿ ಬ್ಯಾರೇಜಿನ ಮಹತ್ವ ಕಾಲಕ್ಕೆ ತಕ್ಕಂತೆ ಬದಲಾಗಿದೆ. ದಶಕಗಳ ಕಾಲ ಮದರಾಸು ಮತ್ತು ಕಲ್ಕತ್ತೆಯ ನಡುವಿನ ವಾಹನಗಳೆಲ್ಲ ಇದೇ ಕಿರಿದಾದ ದಾರಿಯಲ್ಲಿ ಹೋಗುತ್ತಿದ್ದವು. ತೊಂಬತ್ತರ ದಶಕದಲ್ಲಿ ನದಿಯ ಕೆಳಭಾಗದಲ್ಲಿ ಹೆದ್ದಾರಿಯ ಸೇತುವೆ ಬಂತು. ಅದರ ಹೆಸರು ಕನಕದುರ್ಗ ವಾರಧಿ. (ತೆಲುಗಿನಲ್ಲಿ ವಾರಧಿ ಎಂದರೆ ಸೇತುವೆ. ಹಳಗನ್ನಡ ಓದಿದವರಿಗೆ ವಾರಿಧಿ, ವಾರ್ಧಿ ಎಂದರೆ ಸಮುದ್ರ. ಪೂರ ಬಂದಾಗ ಎರಡು ಅರ್ಥಗಳೂ ಸೇರಿಕೊಳ್ಳುತ್ತವೆ.) ಅಂದಿನಿಂದ ಭಾರಿ ವಾಹನಗಳ ದಾರಿ ಅದು. ಬ್ಯಾರೇಜಿನ ಮೇಲೆ ಉಳಿದದ್ದು ಬೈಕು, ಆಟೊ, ಕಾರು. ಆದರೆ ಅಮರಾವತಿ ರಾಜಧಾನಿಯಾಗಿ ವೆಲಗಪೂಡಿಯಲ್ಲಿ ಸಚಿವಾಲಯ ಎದ್ದ ಮೇಲೆ, ನಗರದ ಹಳೆಯ ಭಾಗದಿಂದ ಉಂಡವಲ್ಲಿಯ ಕಡೆಗೆ ಹೋಗುವ ನೌಕರರಿಗೆ ಈ ಹಳೆಯ ದಾರಿ ಮತ್ತೆ ಹತ್ತಿರದ ದಾರಿಯಾಯಿತು.

ಪಟಮಟದ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಪಟಮಟ ನಗರದ ಪೂರ್ವ ಮಗ್ಗುಲಿನ ಬಡಾವಣೆ. ಬಂದರು ರಸ್ತೆ ಮತ್ತು ಬೆಂಜ್ ಸರ್ಕಲ್ ಅದಕ್ಕೆ ಹತ್ತಿರ. ಇಲ್ಲಿಂದ ಗುಂಟೂರಿಗೆ ಹೋಗುವವರು ಬ್ಯಾರೇಜಿನತ್ತ ತಿರುಗುವುದೇ ಇಲ್ಲ. ಬೆಂಜ್ ಸರ್ಕಲಿನಿಂದ ನೇರ ವಾರಧಿಗೆ ಇಳಿಯುತ್ತಾರೆ. ಬ್ಯಾರೇಜ್ ಮುಚ್ಚಿದರೆ ಹಳೆಯ ಊರಿನ ವಾಹನಗಳಿಗೂ ಉಳಿಯುವುದು ಇದೇ ದಾರಿ. ಒಂದು ಸೇತುವೆ ಮುಚ್ಚಿದ್ದರ ಹೊರೆ ಅದರ ಎರಡು ತುದಿಗಳ ಮೇಲೆ ಮಾತ್ರ ಬೀಳುವುದಿಲ್ಲ. ಮುಂದಿನ ಸೇತುವೆಯ ಬಾಯಲ್ಲಿ ಕುಳಿತ ಬಡಾವಣೆಯೂ ಅದನ್ನು ಹೊರಬೇಕು.

2024ರ ಆಗಸ್ಟ್ 31 ಮತ್ತು ಸೆಪ್ಟೆಂಬರ್ 1ರಂದು ವಿಜಯವಾಡ ಮತ್ತು ಸುತ್ತಲಿನ ಪ್ರದೇಶದಲ್ಲಿ ಸುರಿದ ಮಳೆ ಎರಡು ಬೇರೆಬೇರೆ ಪೂರಗಳನ್ನು ಹುಟ್ಟಿಸಿತು. ಹೊರಗಿನವರು ಇವೆರಡನ್ನು ಬೆರೆಸಿ ಮಾತಾಡುವುದುಂಟು. ಸಿಂಗ್ ನಗರ ಮತ್ತು ಅದರಾಚೆಯ ತಗ್ಗು ಬಡಾವಣೆಗಳನ್ನು ದಿನಗಟ್ಟಲೆ ಮುಳುಗಿಸಿದ್ದು ಬುಡಮೇರು ಎಂಬ ತೊರೆ; ಅದರ ಕಾಲುವೆಯ ಏರಿ ಒಡೆದದ್ದೇ ಕಾರಣ. ಬ್ಯಾರೇಜಿಗೆ ಬಂದದ್ದು ಕೃಷ್ಣೆಯ ಪೂರ. ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ ಜಲಾಶಯಗಳು ಬಿಟ್ಟ ನೀರಿಗೆ ಮುನ್ನೇರು ಮುಂತಾದ ಉಪನದಿಗಳ ನೀರು ಸೇರಿಕೊಂಡಿತು. ಸೆಪ್ಟೆಂಬರ್ 2ರಂದು ಹರಿವು 11.43 ಲಕ್ಷ ಕ್ಯೂಸೆಕ್ ಮುಟ್ಟಿತು. ಬ್ಯಾರೇಜ್ ಕಟ್ಟಿದ ಮೇಲೆ ಕಂಡ ಅತಿ ದೊಡ್ಡ ಹರಿವು ಇದು. ಹಿಂದಿನ ದಾಖಲೆ 2009ರ ಅಕ್ಟೋಬರ್ ಪೂರದ್ದು. ಆಗ ಹರಿವು ಹನ್ನೊಂದು ಲಕ್ಷದ ಹತ್ತಿರಕ್ಕೆ ಬಂದು ನಿಂತಿತ್ತು.

ಈ ಅಂಕಿಯ ಗಾತ್ರ ಮನಸ್ಸಿಗೆ ಇಳಿಯಬೇಕಾದರೆ ಸಣ್ಣ ಲೆಕ್ಕ ಸಾಕು. ಇಷ್ಟು ಹರಿವಿನಲ್ಲಿ ಬ್ಯಾರೇಜಿನ ಹಿಂದಿನ 3.07 ಟಿಎಂಸಿ ಜಾಗ ಮುಕ್ಕಾಲು ಗಂಟೆಯೊಳಗೆ ತುಂಬುತ್ತದೆ. ಇದೇ ಹರಿವು ಒಂದು ಹಗಲು ಒಂದು ರಾತ್ರಿ ನಿಂತರೆ, ತುಂಗಭದ್ರಾ ಜಲಾಶಯವನ್ನು ಹೆಚ್ಚುಕಡಿಮೆ ತುಂಬುವಷ್ಟು ನೀರು ಹಾದುಹೋಗಿರುತ್ತದೆ. ಎಪ್ಪತ್ತು ಗೇಟುಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ಸುಮಾರು 16,000 ಕ್ಯೂಸೆಕ್. ಇಂಥ ಹೊತ್ತಿನಲ್ಲಿ ಬ್ಯಾರೇಜ್ ನೀರು ಹಿಡಿಯುವ ಕಟ್ಟಡವಾಗಿ ಉಳಿಯುವುದಿಲ್ಲ. ಎಲ್ಲ ಗೇಟುಗಳನ್ನೂ ಮೇಲಕ್ಕೆತ್ತಿ ನದಿಗೆ ದಾರಿ ಬಿಡುವುದಷ್ಟೇ ಅದರ ಕೆಲಸ. ಆಗ ಅದು ಬರೀ ಸೇತುವೆ, ಹತ್ತಿರಹತ್ತಿರ ನಿಂತ ಕಂಬಗಳ ಸೇತುವೆ. ಹೆದ್ದಾರಿಯ ಸೇತುವೆಗಳಲ್ಲಿ ಕಂಬದಿಂದ ಕಂಬಕ್ಕೆ ಸಾಕಷ್ಟು ಅಂತರ ಇರುತ್ತದೆ. ತೇಲಿಬಂದ ಮರವೋ ದೋಣಿಯೋ ನಡುವೆ ತೂರಿ ಹೋಗಬಹುದು. ಬ್ಯಾರೇಜಿನ ಕಂಡಿ 40 ಅಡಿ. ದೊಡ್ಡ ಮರಳು ದೋಣಿ ಅಡ್ಡ ತಿರುಗಿತೆಂದರೆ ಅದರೊಳಗೆ ಹಾಯಲಾರದು.

ದೋಣಿಗಳು ಬಂದು ಬಡಿದದ್ದು ಈ ಸ್ಥಿತಿಯಲ್ಲಿ. ಇವು ಮರದ ನಾಡದೋಣಿಗಳಲ್ಲ; ನದಿಯ ಮರಳು ಸಾಗಿಸಲು ಕಬ್ಬಿಣದ ತಗಡಿನಲ್ಲಿ ಮಾಡಿದ, ಒಂದೊಂದೂ ಸುಮಾರು 40 ಟನ್ ತೂಗುವ ತೆಪ್ಪದಂಥ ದೋಣಿಗಳು. ಬ್ಯಾರೇಜಿನ ಮೇಲ್ಭಾಗದಲ್ಲಿ, ಗೊಲ್ಲಪೂಡಿಯ ಕಡೆಯ ದಡದಲ್ಲಿ ಇವನ್ನು ಕಟ್ಟಿದ್ದರು. ಸೆಪ್ಟೆಂಬರ್ 1 ಮತ್ತು 2ರ ನಡುವಿನ ಪೂರದಲ್ಲಿ ಕಳಚಿಕೊಂಡ ಇವು ಬ್ಯಾರೇಜಿನ ಒಂದು ತುದಿಯ 67ರಿಂದ 70ನೆಯ ಗೇಟುಗಳ ಸುತ್ತ ಬಂದು ಅಪ್ಪಳಿಸಿದವು. 67 ಮತ್ತು 69ನೆಯ ಗೇಟುಗಳ ಕೌಂಟರ್‌ವೇಟ್‌ಗಳಿಗೆ ಪೆಟ್ಟು ಬಿತ್ತು.

ಪೆಟ್ಟು ಗೇಟಿಗೆ ಬೀಳದೆ ಕೌಂಟರ್‌ವೇಟಿಗೆ ಏಕೆ ಬಿತ್ತು ಎಂಬುದನ್ನು ತಿಳಿಯಬೇಕಾದರೆ ಗೇಟು ಏಳುವ ಬಗೆಯನ್ನು ನೋಡಬೇಕು. ಉಕ್ಕಿನ ಗೇಟು ಕಂಬಗಳ ತೋಡಿನಲ್ಲಿ ಮೇಲೆ ಕೆಳಗೆ ಜಾರುತ್ತದೆ. ಅದರ ಪೂರ್ತಿ ಭಾರವನ್ನು ಯಂತ್ರವೇ ಎತ್ತಬೇಕೆಂದರೆ ಭಾರಿ ಯಂತ್ರ ಬೇಕು. ಅದನ್ನು ತಪ್ಪಿಸಲು ರಾಟೆಯ ಆಚೆ ತುದಿಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಒಂದು ದಿಮ್ಮಿಯನ್ನು ಇಳಿಬಿಡುತ್ತಾರೆ. ಹಳ್ಳಿಯ ಏತದಲ್ಲಿ ಮರದ ಬುಡಕ್ಕೆ ಕಲ್ಲು ಕಟ್ಟಿದಂತೆ ಇದು. ಗೇಟು ಮೇಲೆ ಹೋದಂತೆ ದಿಮ್ಮಿ ಕೆಳಗೆ ಬರುತ್ತದೆ. ಅಂದರೆ ಪೂರ ಅತಿ ಎತ್ತರದಲ್ಲಿರುವಾಗ, ಗೇಟುಗಳೆಲ್ಲ ಪೂರ್ತಿ ಮೇಲಿರುವಾಗ, ಕೌಂಟರ್‌ವೇಟ್‌ಗಳು ತಮ್ಮ ಅತಿ ಕೆಳಗಿನ ಜಾಗದಲ್ಲಿ ತೂಗುತ್ತಿರುತ್ತವೆ. ನೀರಿನೊಡನೆ ಮೇಲಕ್ಕೆದ್ದು ಬಂದ ದೋಣಿ ಎದುರಾಗುವುದು ಅವಕ್ಕೆ. ಮಾಮೂಲಿ ದಿನಗಳಲ್ಲಿ ಯಾವ ದೋಣಿಗೂ ಎಟುಕದ ಕಾಂಕ್ರೀಟು ದಿಮ್ಮಿ ಪೂರದ ದಿನ ಮಾತ್ರ ಎಟುಕುತ್ತದೆ. ಈ ವಿನ್ಯಾಸದ ದುರ್ಬಲ ಜಾಗ ಇದು. ಕಟ್ಟಿದವರನ್ನು ದೂರುವಂತಿಲ್ಲ; ಐವತ್ತರ ದಶಕದ ಕೃಷ್ಣೆಯಲ್ಲಿ 40 ಟನ್ ಕಬ್ಬಿಣದ ದೋಣಿಗಳು ಸಾಲುಗಟ್ಟಿ ನಿಂತಿರುತ್ತಿರಲಿಲ್ಲ.

ಡಿಕ್ಕಿಯ ಬಲದ ಲೆಕ್ಕದಲ್ಲೂ ಒಂದು ವಿಶೇಷ ಇದೆ. 40 ಟನ್ ದೋಣಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬರುತ್ತದೆಂದು ಉದಾಹರಣೆಗೆ ಹಿಡಿದರೆ, ತುಂಬಿದ ಲಾರಿಯೊಂದು ಗಂಟೆಗೆ 14 ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ವೇಗದಲ್ಲಿ ಗೋಡೆಗೆ ಗುದ್ದಿದಷ್ಟು ಶಕ್ತಿ. ಇದು ಕಂಬವನ್ನು ಉರುಳಿಸಲು ಸಾಲದು, ಇಳಿಬಿದ್ದ ದಿಮ್ಮಿಯನ್ನು ಸೀಳಲು ಸಾಕು. ಲಾರಿಯಾದರೆ ಗುದ್ದಿದ ಮೇಲೆ ನಿಲ್ಲುತ್ತದೆ. ದೋಣಿಯ ಹಿಂದೆ ನದಿ ಇದೆ. ಕಂಡಿಗೆ ಅಡ್ಡ ಸಿಕ್ಕಿಕೊಂಡ ದೋಣಿಯನ್ನು ನೀರು ನಿಲ್ಲದೆ ಒತ್ತುತ್ತಲೇ ಇರುತ್ತದೆ. ಅದರೊಳಗೆ ನೀರೂ ಮರಳೂ ತುಂಬಿಕೊಂಡು ತೂಕ ಏರುತ್ತದೆ. ಒಂದು ದೋಣಿಯ ಮೇಲೆ ಇನ್ನೊಂದು ಬಂದು ಹೇರಿಕೊಳ್ಳುತ್ತದೆ.

ಬ್ಯಾರೇಜಿನ ಮೇಲಿನ ಸಂಚಾರ ನಿಲ್ಲಿಸಲಾಯಿತು. ಕೆಳಗೆ ದಾಖಲೆಯ ಹರಿವು, ಬದಿಯಲ್ಲಿ ಪೆಟ್ಟು ತಿಂದ ಗೇಟುಗಳು; ಇನ್ನೂ ಯಾವ ದೋಣಿ ಎಲ್ಲಿಂದ ಬರುತ್ತದೋ ಗೊತ್ತಿಲ್ಲ. ಜೊತೆಗೆ ಇಂಥ ಸಮಯದಲ್ಲಿ ನೀರು ನೋಡಲು ಬರುವ ಜನರೇ ಒಂದು ಹೊರೆ. ಆ ದಿನಗಳಲ್ಲಿ ಅರ್ಧ ವಿಜಯವಾಡದ ಗಮನ ಸಿಂಗ್ ನಗರದಲ್ಲಿ ಸಿಕ್ಕಿಬಿದ್ದವರಿಗೆ ಹಾಲು, ಅನ್ನ, ಕುಡಿಯುವ ನೀರು ಮುಟ್ಟಿಸುವುದರ ಮೇಲಿತ್ತು. ಬ್ಯಾರೇಜ್ ಮುಚ್ಚಿದ್ದು ಬೇರೆ ಕಾಲದಲ್ಲಾದರೆ ಮುಖಪುಟದ ಸುದ್ದಿ. ಆಗ ಎರಡನೆಯ ಸುದ್ದಿ. ಬ್ಯಾರೇಜಿನ ಕೆಳಗೆ, ಎಡದಂಡೆಯ ಕೃಷ್ಣಲಂಕ ಮತ್ತು ರಾಣಿಗಾರಿತೋಟದ ತಗ್ಗು ಕೇರಿಗಳನ್ನು ಇತ್ತೀಚಿನ ವರ್ಷಗಳಲ್ಲಿ ಕಟ್ಟಿದ ತಡೆಗೋಡೆ ಕಾಪಾಡಿತು. 2009ರಲ್ಲಿ ಆ ಭಾಗ್ಯ ಇರಲಿಲ್ಲ.

ಪೂರ ಇಳಿಯುತ್ತಿದ್ದಂತೆ ಚಿಂತೆಯ ದಿಕ್ಕು ಬದಲಾಯಿತು. ಗೇಟು ಇಳಿಸದಿದ್ದರೆ ನೀರು ನಿಲ್ಲದು. ನೀರು ನಿಲ್ಲದಿದ್ದರೆ ಕಾಲುವೆಗೆ ಮಟ್ಟ ಸಿಗದು. ಕೌಂಟರ್‌ವೇಟ್ ಒಡೆದ ಗೇಟನ್ನು ಇಳಿಸಲಾಗದು. ದುರಸ್ತಿಯ ಹೊಣೆ ಬಿದ್ದದ್ದು ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮೇಲೆ. ಈ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ಅದಕ್ಕೆ ಮೂರು ವಾರ ಮೊದಲು, 2024ರ ಆಗಸ್ಟ್ 10ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಗಿತ್ತು. ಆ ಒಂದೇ ಕಂಡಿಯಿಂದ ಸುಮಾರು 35,000 ಕ್ಯೂಸೆಕ್ ನೀರು ಧುಮುಕುತ್ತಿದ್ದಾಗ, ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ತಾತ್ಕಾಲಿಕ ತಡೆಹಲಗೆ) ಇಳಿಸಿ ಜಲಾಶಯದ ನೀರನ್ನು ಉಳಿಸಿದ ಕಾರ್ಯಾಚರಣೆಗೆ ಮಾರ್ಗದರ್ಶನ ನೀಡಿದವರು ಇದೇ ಕನ್ನಯ್ಯ ನಾಯ್ಡು. ಆಗಸ್ಟ್ 17ರ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಕನ್ನಡ ನಾಡಿನ ಪತ್ರಿಕೆಗಳು ಕೊಂಡಾಡಿದ ಎಂಬತ್ತರ ಆಸುಪಾಸಿನ ಈ ಹಿರಿಯರು ಸೆಪ್ಟೆಂಬರ್ ಮೊದಲ ವಾರದಲ್ಲಿ ವಿಜಯವಾಡದ ಬ್ಯಾರೇಜಿನ ಮೇಲೆ ನಿಂತಿದ್ದರು. ಒಡೆದ ಕಾಂಕ್ರೀಟು ದಿಮ್ಮಿಗಳ ಜಾಗದಲ್ಲಿ ಉಕ್ಕಿನ ಕೌಂಟರ್‌ವೇಟ್‌ಗಳನ್ನು ಕೂರಿಸಲಾಯಿತು. ಕೆಲವೇ ದಿನಗಳಲ್ಲಿ ಅದು ಮುಗಿಯಿತು.

ಒಂದೇ ನದಿವ್ಯವಸ್ಥೆಯಲ್ಲಿ ಮೂರು ವರ್ಷಗಳಲ್ಲಿ ಮೂರು ಗೇಟು ಪ್ರಕರಣಗಳಾದವು. 2021ರ ಆಗಸ್ಟ್ 5ರಂದು ವಿಜಯವಾಡದ ಮೇಲಿನ ಪುಲಿಚಿಂತಲದಲ್ಲಿ 16ನೆಯ ಗೇಟು ಕೊಚ್ಚಿಹೋಯಿತು. ತುಂಗಭದ್ರೆಯಲ್ಲಿ ಸರಪಳಿ ಸೋತಿತು. ಪ್ರಕಾಶಂ ಬ್ಯಾರೇಜಿನಲ್ಲಿ ಹೊರಗಿನಿಂದ ಪೆಟ್ಟು ಬಿತ್ತು. ಮೊದಲಿನೆರಡು ಕಟ್ಟಡದ ಒಳಗಿನ ದೋಷದ, ಸವೆತದ ಪ್ರಶ್ನೆಗಳು; ಅಲ್ಲಿ ತಪಾಸಣೆ ಮಾಡಬೇಕಾದ ಜಾಗ ಅಣೆಕಟ್ಟಿನ ಮೇಲೆಯೇ ಇದೆ. ಮೂರನೆಯದರಲ್ಲಿ ಬ್ಯಾರೇಜಿನ ಇಂಜಿನಿಯರು ಎಷ್ಟೇ ಎಚ್ಚರವಾಗಿದ್ದರೂ ಸಾಲದು. ಕಟ್ಟಡದ ಸುರಕ್ಷೆ ನದಿಯ ಮೇಲ್ಭಾಗದ ದಡದಲ್ಲಿ ನೆಟ್ಟ ಒಂದು ಗೂಟ ಮತ್ತು ಅದಕ್ಕೆ ಬಿಗಿದ ಹಗ್ಗದ ಮೇಲೆ ನಿಂತಿತ್ತು. ಆ ಗೂಟ ನೀರಾವರಿ ಇಲಾಖೆಯ ಆಸ್ತಿಯಲ್ಲ. ಸೇತುವೆ ಡಿಕ್ಕಿಗಳ ಚರ್ಚೆ ಸಾಮಾನ್ಯವಾಗಿ ಕಂಬದ ಬಲದ ಸುತ್ತಲೇ ಸುತ್ತುತ್ತದೆ. ವಿಜಯವಾಡದ ಪ್ರಕರಣ ಅದನ್ನು ಹಗ್ಗದ ಕಡೆಗೆ ತಿರುಗಿಸಬೇಕು.

ಗೇಟಿಗಿಂತ ಕಷ್ಟವಾದದ್ದು ದೋಣಿಗಳನ್ನು ತೆಗೆಯುವುದು. ಎರಡು ದೊಡ್ಡ ಕ್ರೇನ್‌ಗಳನ್ನು ಬ್ಯಾರೇಜಿನ ಮೇಲೆ ತಂದು ನಿಲ್ಲಿಸಿ ಎತ್ತಲು ನೋಡಿದರು. ಒಂದರ ಮೇಲೊಂದು ಹೇರಿಕೊಂಡು, ಕಂಬಗಳಿಗೆ ಸಿಕ್ಕಿಕೊಂಡು, ಹೊಟ್ಟೆ ತುಂಬ ನೀರು ಮರಳು ತುಂಬಿಕೊಂಡ ಕಬ್ಬಿಣ ಅಲುಗಲಿಲ್ಲ. ಆಗ ವಿಶಾಖಪಟ್ಟಣದಿಂದ ಮುಳುಗುಗಾರರು ಬಂದರು. ಬಂದರು ನಗರದಲ್ಲಿ ಹಡಗುಗಳ ತಳ ದುರಸ್ತಿ ಮಾಡುವವರಿಗೆ ನೀರಿನಡಿ ಲೋಹ ಕತ್ತರಿಸುವುದು ದಿನನಿತ್ಯದ ಕೆಲಸ. ಆದರೆ ಬಂದರಿನ ನಿಂತ ನೀರು ಬೇರೆ, ಬ್ಯಾರೇಜಿನ ಬಾಯಲ್ಲಿ ಸೆಳೆಯುವ ಕೆಸರು ನೀರು ಬೇರೆ. ಕೈಗೆ ಸಿಕ್ಕದ್ದನ್ನು ತಡಕಿ ಕತ್ತರಿಸಬೇಕಿತ್ತು. ಅದೂ ನಿಧಾನವಾದಾಗ ಕಾಕಿನಾಡ ಕಡೆಯ ದೋಣಿ ಎತ್ತುವ ತಂಡವನ್ನು ಕರೆಸಿದರು. ಬೇರೆ ದೋಣಿಗಳನ್ನು ಜೋಡಿಸಿ, ಮೇಲೆ ಕಬ್ಬಿಣದ ತೊಲೆ ಹಾಕಿ, ಚೈನ್ ಪುಲ್ಲಿಯಿಂದ ಮುಳುಗಿದ್ದನ್ನು ಸ್ವಲ್ಪಸ್ವಲ್ಪವಾಗಿ ಮೇಲಕ್ಕೆತ್ತಿ, ನದಿಯ ಮೇಲ್ಮುಖವಾಗಿ ಎಳೆದು ದಡ ಸೇರಿಸುವ ಉಪಾಯ ಅವರದು. ಗೋದಾವರಿಯ ಬೆಸ್ತರ ಹಳೆಯ ಬುದ್ಧಿ ಇದರಲ್ಲಿ ಕೆಲಸ ಮಾಡಿದೆ. ಕ್ರೇನ್ ಸೋತ ಕಡೆ ಪುಲ್ಲಿ ಗೆದ್ದಿತು. ಸೆಪ್ಟೆಂಬರ್ ಮೂರನೆಯ ವಾರದವರೆಗೂ ಈ ಕೆಲಸ ನಡೆಯಿತು.

ಈ ನಡುವೆ ದೋಣಿಗಳ ಮೇಲೆ ರಾಜಕೀಯ ಹತ್ತಿ ಕುಳಿತಿತು. ದೋಣಿಗಳನ್ನು ಒಟ್ಟಿಗೆ ಬಿಗಿದು ಬೇಕೆಂದೇ ಬಿಟ್ಟರೆಂದು ಆಡಳಿತ ಪಕ್ಷದವರು ಆರೋಪಿಸಿದರು. ಪೂರ ನಿರ್ವಹಣೆಯ ಸೋಲನ್ನು ಮುಚ್ಚಲು ಕಟ್ಟಿದ ಕತೆ ಎಂದು ವಿರೋಧ ಪಕ್ಷದವರು ತಿರುಗಿ ಹೇಳಿದರು. ಪೊಲೀಸರು ಪ್ರಕರಣ ದಾಖಲಿಸಿ ಕೆಲವರನ್ನು ಬಂಧಿಸಿದ್ದೂ ಆಯಿತು. ಯಾರ ಮಾತು ನಿಜ ಎಂಬುದು ನ್ಯಾಯಾಲಯದ ವಿಷಯ. ಆದರೆ ಒಂದು ಸಂಗತಿ ಎರಡೂ ವಾದಗಳಿಗೆ ಸಮಾನ: ಕೇಡು ಬಗೆಯುವವರಿಗಾಗಲಿ ಉದಾಸೀನ ಮಾಡುವವರಿಗಾಗಲಿ, ಬೇಕಾದದ್ದು ಬಿಗಿಯಿಲ್ಲದ ಒಂದು ಕಟ್ಟು ಅಷ್ಟೇ. ಸಂಚಿನ ಮಾತು ಜೋರಾದಷ್ಟೂ ಕಟ್ಟಿನ ಮಾತು ಹಿಂದೆ ಸರಿಯಿತು.

ವಿಶಾಖಪಟ್ಟಣಕ್ಕೂ ಇಂಥ ಪಾಠ ಒಂದು ಸಿಕ್ಕಿತ್ತು. 2020ರ ಅಕ್ಟೋಬರ್ 13ರ ಸುಮಾರಿಗೆ, ವಾಯುಭಾರ ಕುಸಿತದ ಗಾಳಿಗೆ ಬಂದರಿನ ಹೊರಗೆ ಲಂಗರು ಹಾಕಿ ನಿಂತಿದ್ದ ಬಾಂಗ್ಲಾದೇಶದ ಎಂ.ವಿ. ಮಾ ಎಂಬ ಸರಕು ಹಡಗು ಲಂಗರನ್ನು ಎಳೆದುಕೊಂಡೇ ಬಂದು ತೆನ್ನೇಟಿ ಪಾರ್ಕಿನ ಕೆಳಗಿನ ಬಂಡೆ ದಡಕ್ಕೆ ಕುಳಿತಿತು. ಅಲ್ಲಿ ಸೇತುವೆ ಇರಲಿಲ್ಲ. ಹಡಗು ಜನ ಸೆಲ್ಫಿ ತೆಗೆದುಕೊಳ್ಳುವ ತಾಣವಾಯಿತು. ಲಂಗರು ಜಾರುವುದೂ ಹಗ್ಗ ಹರಿಯುವುದೂ ಒಂದೇ ಜಾತಿಯ ಅವಘಡ. ಎದುರಿಗೆ ಏನಿದೆ ಎಂಬುದರ ಮೇಲೆ ಅದು ನೋಟವೋ ದುರಂತವೋ ಆಗುತ್ತದೆ.

ಭಾರತದ ಬೇರೆ ಸೇತುವೆಗಳ ಅನುಭವ ಇದಕ್ಕಿಂತ ತುಸು ಭಿನ್ನ. 2005ರ ಜೂನ್ 24ರಂದು ಹೂಗ್ಲಿಯಲ್ಲಿ ಉಬ್ಬರದ ಹೊತ್ತಿನಲ್ಲಿ ಹೌರಾ ಸೇತುವೆಯಡಿ ನುಸುಳಲು ಹೋದ ಎಂ.ವಿ. ಮಣಿ ಎಂಬ ಸರಕು ಹಡಗಿನ ಹೊಗೆಕೊಳವೆ ಸೇತುವೆಯ ಹೊಟ್ಟೆಗೆ ಸಿಕ್ಕಿ ಸುಮಾರು ಮೂರು ಗಂಟೆ ಬಿಡಲಿಲ್ಲ; ತೊಲೆಗಳು ತಿರುಚಿದವು. ನದಿ ಏರಿದ್ದನ್ನು ಲೆಕ್ಕಕ್ಕೆ ಹಿಡಿಯದ ತಪ್ಪು ಅದು. ರಾಮೇಶ್ವರದ ಪಾಂಬನ್ ರೈಲು ಸೇತುವೆಗೆ 2013ರ ಜನವರಿಯಲ್ಲಿ ನೌಕಾಪಡೆಯ ಬಾರ್ಜ್ ಬಡಿದು ರೈಲು ನಿಂತಿತು. ಕರ್ನಾಟಕದ ಕಡಲತೀರದಲ್ಲಿ 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ ಯಾವ ದೋಣಿಯೂ ಬಡಿದಿರಲಿಲ್ಲ. ಆದರೂ ಅದನ್ನು ಇಲ್ಲಿ ನೆನೆಯಬೇಕಾದ ಕಾರಣ, ಪಕ್ಕದಲ್ಲಿ ಹೊಸ ಸೇತುವೆಯೊಂದು ಇದ್ದದ್ದು. ಇಲ್ಲದಿದ್ದರೆ ಗೋವಾದ ದಾರಿಯೇ ಕಡಿದುಹೋಗುತ್ತಿತ್ತು. ವಿಜಯವಾಡಕ್ಕೆ ವಾರಧಿ ಇದ್ದಂತೆ ಕಾರವಾರಕ್ಕೆ ಅದು.

ಎರಡನೆಯ ಸೇತುವೆ ಇಲ್ಲದ ಊರಿಗೆ ಏನಾಗುತ್ತದೆ ಎಂಬುದನ್ನು ಹೇಳಲು ಆಸ್ಟ್ರೇಲಿಯಾದ ಹೋಬಾರ್ಟ್ ನಗರವನ್ನು ಬಿಟ್ಟು ಬೇರೆ ಉದಾಹರಣೆ ಬೇಡ. 1975ರ ಜನವರಿ 5ರ ಭಾನುವಾರ ರಾತ್ರಿ, ಸತುವಿನ ಅದಿರು ತುಂಬಿದ ಲೇಕ್ ಇಲ್ಲವಾರಾ ಎಂಬ ಹಡಗು ಡರ್ವೆಂಟ್ ನದಿಯ ಟಾಸ್ಮನ್ ಸೇತುವೆಗೆ ಬಡಿಯಿತು. ಎರಡು ಕಂಬಗಳು ಉರುಳಿ 127 ಮೀಟರ್ ಸೇತುವೆ ಹಡಗಿನ ಮೇಲೇ ಬಿತ್ತು. ಹಡಗಿನ ಏಳು ಮಂದಿ, ಕಾರುಗಳಲ್ಲಿದ್ದ ಐವರು ಸತ್ತರು. ಪೂರ್ವ ದಡದಲ್ಲಿ ಮನೆ, ಪಶ್ಚಿಮ ದಡದಲ್ಲಿ ಆಸ್ಪತ್ರೆ, ಕಚೇರಿ, ಕೆಲಸ. ಕೆಲವು ನಿಮಿಷದ ದಾರಿ ಸುತ್ತಿ ಬರಬೇಕಾದ ಹತ್ತಾರು ಕಿಲೋಮೀಟರ್ ಆಯಿತು. ಜನ ದೋಣಿಗಳಲ್ಲಿ ಓಡಾಡಿದರು. ಸೇತುವೆ ಮತ್ತೆ ತೆರೆದದ್ದು 1977ರ ಅಕ್ಟೋಬರ್ 8ರಂದು. ಎರಡೂ ಮುಕ್ಕಾಲು ವರ್ಷ ಒಂದು ಊರು ಎರಡಾಗಿತ್ತು. ಇವತ್ತಿಗೂ ಆ ಸೇತುವೆಯ ಕೆಳಗೆ ದೊಡ್ಡ ಹಡಗು ಹಾಯುವಾಗ ಮೇಲಿನ ವಾಹನಗಳನ್ನು ನಿಲ್ಲಿಸುತ್ತಾರೆ. ಒಮ್ಮೆ ಬಿದ್ದ ಪೆಟ್ಟು ಅರ್ಧ ಶತಮಾನದ ನಂತರವೂ ಕೆಂಪು ದೀಪವಾಗಿ ಉಳಿದಿದೆ.

ವಿಜಯವಾಡದ ಪೂರಕ್ಕೆ ಐದು ತಿಂಗಳು ಮೊದಲು, 2024ರ ಮಾರ್ಚ್ 26ರ ನಡುರಾತ್ರಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿದ್ಯುತ್ ಕಳೆದುಕೊಂಡ ಡಾಲಿ ಎಂಬ ಕಂಟೇನರ್ ಹಡಗು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಗುದ್ದಿತು. ಲಕ್ಷ ಟನ್ ಮೀರಿದ ಹಡಗು. ಸಿಬ್ಬಂದಿಯಲ್ಲಿ ಬಹುತೇಕರು ಭಾರತೀಯರು. ಅಪಾಯದ ಕರೆ ಕೇಳಿದ ಪೊಲೀಸರು ಕ್ಷಣಗಳಲ್ಲಿ ಎರಡೂ ಕಡೆಯ ಸಂಚಾರ ತಡೆದರು. ಸೇತುವೆಯ ಮೇಲೆ ಗುಂಡಿ ಮುಚ್ಚುತ್ತಿದ್ದ ಆರು ಕಾರ್ಮಿಕರನ್ನು ಮಾತ್ರ ಉಳಿಸಲಾಗಲಿಲ್ಲ. ಅಲ್ಲಿ ರಸ್ತೆಯ ಜೊತೆಗೆ ಬಂದರಿನ ದಾರಿಯೂ ಮುಚ್ಚಿತು. ನೀರಿಗೆ ಬಿದ್ದ ಉಕ್ಕನ್ನು ತೆಗೆದು ಜೂನ್ 10ರಂದು ಕಾಲುವೆಯನ್ನು ಪೂರ್ತಿ ತೆರೆದರು. ಹಡಗಿನ ವಿದ್ಯುತ್ ಕಡಿದದ್ದಕ್ಕೆ ಮೂಲ, ಸರಿಯಾಗಿ ಕೂರದ ಒಂದು ತಂತಿ ಎಂದು ಮರುವರ್ಷ ತನಿಖೆ ಹೇಳಿತು. ಕೃಷ್ಣೆಯಲ್ಲಿ ಹಗ್ಗ, ಬಾಲ್ಟಿಮೋರ್‌ನಲ್ಲಿ ತಂತಿ.

ಅಮೆರಿಕದವರು ಈ ವಿಷಯವನ್ನು ನಿಯಮದ ಪುಸ್ತಕಕ್ಕೆ ಏರಿಸಿದ್ದು ಬಹಳ ಹಿಂದೆ. 1980ರ ಮೇ 9ರಂದು ಫ್ಲೋರಿಡಾದ ಸನ್‌ಶೈನ್ ಸ್ಕೈವೇ ಸೇತುವೆಗೆ ಸಮಿಟ್ ವೆಂಚರ್ ಹಡಗು ಬಡಿದು 35 ಮಂದಿ ಸತ್ತ ಮೇಲೆ, 1991ರಲ್ಲಿ ಹಡಗಿನ ಡಿಕ್ಕಿಗೆ ಸೇತುವೆ ವಿನ್ಯಾಸ ಮಾಡುವ ಮಾರ್ಗಸೂಚಿ ಬಂತು. ಬಾಲ್ಟಿಮೋರ್ ಸೇತುವೆ 1977ರದು, ನಿಯಮಕ್ಕಿಂತ ಹಿರಿಯದು. ಭಾರತದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 6 ಸಂಹಿತೆ ಸೇತುವೆ ಕಂಬಗಳ ಮೇಲೆ ಬಾರ್ಜ್ ಡಿಕ್ಕಿಯ ಬಲವನ್ನು ಲೆಕ್ಕ ಹಾಕುವ ಕ್ರಮವನ್ನು ಜಲಮಾರ್ಗದ ವರ್ಗಕ್ಕೆ ತಕ್ಕಂತೆ ಹೇಳುತ್ತದೆ. ಪ್ರಕಾಶಂ ಬ್ಯಾರೇಜ್ ಅದಕ್ಕೂ ಹಿರಿಯದು. ಅಷ್ಟಲ್ಲದೆ ಆ ಲೆಕ್ಕವೆಲ್ಲ ಹೊಸ ಸೇತುವೆಯ ಕಂಬಕ್ಕೆ ಸಂಬಂಧಿಸಿದ್ದು. ನೇತಾಡುವ ಕೌಂಟರ್‌ವೇಟಿನ ಬಗ್ಗೆ ರಸ್ತೆ ಸೇತುವೆಯ ಸಂಹಿತೆ ಯೋಚಿಸಬೇಕಾದ ಕಾರಣವೇ ಇಲ್ಲ. ಅಣೆಕಟ್ಟಿನ ಸಂಹಿತೆ ಪೂರವನ್ನು ಯೋಚಿಸುತ್ತದೆ, ದೋಣಿಯನ್ನಲ್ಲ. ಎರಡು ಪುಸ್ತಕಗಳ ನಡುವಿನ ಸಂದಿಯಲ್ಲಿ ಈ ಬ್ಯಾರೇಜ್ ನಿಂತಿದೆ.

ಕೃಷ್ಣೆ ಜಲಮಾರ್ಗವೂ ಹೌದು ಎಂಬುದನ್ನು ಮರೆಯುವಂತಿಲ್ಲ. ಗೋದಾವರಿ, ಕೃಷ್ಣೆ ಮತ್ತು ಕರಾವಳಿ ಕಾಲುವೆಗಳನ್ನು ಜೋಡಿಸುವ ರಾಷ್ಟ್ರೀಯ ಜಲಮಾರ್ಗ 4 ಘೋಷಣೆಯಾದದ್ದು 2008ರಲ್ಲಿ. ಮುಕ್ತ್ಯಾಲದಿಂದ ವಿಜಯವಾಡದವರೆಗಿನ 82 ಕಿಲೋಮೀಟರ್ ಅದರ ಮೊದಲ ಹಂತ. 2017ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ಅಂದರೆ ಬ್ಯಾರೇಜಿನ ಬೆನ್ನಿಗೇ ದೋಣಿಗಳು ಬಂದು ನಿಲ್ಲುವುದು ಆಕಸ್ಮಿಕವಲ್ಲ, ನೀತಿ. ಒಂದು ನೂರು ವರ್ಷ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ನದಿಯ ಹಡಗುಗಳ ನೋಂದಣಿ, ತಪಾಸಣೆ, ಜಲಮಾರ್ಗಕ್ಕೆ ಅಡ್ಡಿಯಾಗುವ ಮುಳುಗಡೆಗಳ ವಿಲೇವಾರಿ ಎಲ್ಲವನ್ನೂ ಮುಟ್ಟುತ್ತದೆ. ಎಂಜಿನ್ ಇಲ್ಲದ ದೋಣಿಗಳನ್ನೂ ಸ್ಥಳೀಯ ಸಂಸ್ಥೆಗಳ ಲೆಕ್ಕಕ್ಕೆ ತರಲು ಹೇಳುತ್ತದೆ. ಆದರೆ ನೋಂದಣಿ ಸಂಖ್ಯೆ ದೋಣಿಯ ಒಡೆಯನನ್ನು ಡಿಕ್ಕಿಯ ಮರುದಿನ ಹುಡುಕಿಕೊಡುತ್ತದೆ. ಹಿಂದಿನ ರಾತ್ರಿ ದೋಣಿಯನ್ನು ಹಿಡಿದು ನಿಲ್ಲಿಸುವುದಿಲ್ಲ.

ಹಂಪಿಯ ಹರಿಗೋಲಿನವರು ತುಂಗಭದ್ರೆ ಏರಿದರೆ ಹರಿಗೋಲನ್ನು ಹೊತ್ತು ತಂದು ದಡದ ಮೇಲೆ ಮಗುಚಿ ಹಾಕುತ್ತಾರೆ. 40 ಟನ್ ಕಬ್ಬಿಣವನ್ನು ಹಾಗೆ ಹೊರಲಾಗದು. ಅದಕ್ಕೆ ಬೇಕಾದದ್ದು ಪೂರದ ಗರಿಷ್ಠ ಮಟ್ಟಕ್ಕಿಂತ ಮೇಲೆ ನೆಟ್ಟ ಕಾಂಕ್ರೀಟು ಗೂಟ, ಪ್ಲಾಸ್ಟಿಕ್ ಹಗ್ಗದ ಬದಲು ಸರಪಳಿ, ಒಂದರ ಬದಲು ಎರಡು ಕಟ್ಟು, ನೀರು ಏರಿದಂತೆ ಕಟ್ಟನ್ನು ಸಡಿಲಿಸಿ ಬಿಗಿಯುವ ಕಾವಲುಗಾರ. ಬಿಗಿಯಾಗಿ ಕಟ್ಟಿದ ಕಟ್ಟೇ ನೀರು ಹತ್ತಾರು ಅಡಿ ಏರಿದಾಗ ಹರಿಯುವುದುಂಟು. ದೋಣಿ ಮೇಲೇಳುತ್ತದೆ, ಹಗ್ಗ ಏಳುವುದಿಲ್ಲ. ಬ್ಯಾರೇಜಿನಲ್ಲಿ ಹರಿವು 3.97 ಲಕ್ಷ ಕ್ಯೂಸೆಕ್ ಮುಟ್ಟಿದಾಗ ಮೊದಲನೆಯ ಎಚ್ಚರಿಕೆ, 5.69 ಲಕ್ಷಕ್ಕೆ ಎರಡನೆಯದು. ಮೊದಲನೆಯದಕ್ಕೂ ದಾಖಲೆಯ ಹರಿವಿಗೂ ನಡುವೆ ದೋಣಿಗಳನ್ನು ಎಣಿಸಿ, ಕಟ್ಟು ನೋಡಿ, ಬೇಕಾದರೆ ಬ್ಯಾರೇಜಿನ ನೇರಕ್ಕೆ ಬಾರದ ತಿರುವಿಗೆ ಸರಿಸಲು ಕೆಲವು ಗಂಟೆಗಳು ಸಿಗುತ್ತವೆ. ಈಗಿರುವ ಎಚ್ಚರಿಕೆ ತಗ್ಗಿನ ಮನೆಗಳಿಗೆ, ದನಕರುಗಳಿಗೆ, ಮೀನುಗಾರರಿಗೆ. ಅದೇ ಪಟ್ಟಿಗೆ ದೋಣಿ ಗೂಟಗಳನ್ನೂ ಸೇರಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಕಂಡಿಗಳ ಮುಂದೆ, ನೀರಿಗೆ ಅಡ್ಡವಾಗದಂತೆ ಓರೆಯಾಗಿ, ತೇಲುವ ಸರಪಳಿ ಬೇಲಿ ಹಾಕುವ ಪದ್ಧತಿ ಬೇರೆ ದೇಶಗಳ ಅಣೆಕಟ್ಟುಗಳಲ್ಲಿ ಉಂಟು. ಆದರೆ ಹನ್ನೊಂದು ಲಕ್ಷ ಕ್ಯೂಸೆಕ್ ಹರಿವಿನಲ್ಲಿ, 40 ಟನ್ನಿನ ದೋಣಿಗಳೆದುರು, ಬೇಲಿಯೇ ಹರಿದುಬಂದು ಗೇಟಿಗೆ ಸುತ್ತಿಕೊಳ್ಳುವ ಭಯವೂ ಇದೆ. ಆದ್ದರಿಂದ ದಡದ ಗೂಟವೇ ಅಗ್ಗದ, ಹತ್ತಿರದ ಉಪಾಯ. 67 ಮತ್ತು 69ನೆಯ ಗೇಟುಗಳಿಗೆ ಈಗ ಉಕ್ಕಿನ ಕೌಂಟರ್‌ವೇಟ್ ಇದೆ.